ಹುಬ್ಬಳ್ಳಿ ಕ್ಲಾಸಿನ ನೀಲಿ ಬೆಲ್ಟು, ಧಾರವಾಡ ಕ್ಲಾಸಿನ ಬಿಳಿ ಬೆಲ್ಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಧಾರವಾಡದ ಕರಾಟೆ ಕ್ಲಾಸಿಗೆ. ಹುಬ್ಬಳ್ಳಿಯದು ಮನೆಯಿಂದ ಐದು ನಿಮಿಷದ ದಾರಿ. ಧಾರವಾಡಕ್ಕೆ ಹೋಗಬೇಕೆಂದರೆ ವಿದ್ಯಾನಗರದಲ್ಲಿ ಚಿಗರಿ ಬಸ್ಸು ಹತ್ತಿ, ಜುಬಿಲಿ ಸರ್ಕಲ್‌ನಲ್ಲಿ ಇಳಿದು, ಅಲ್ಲಿಂದ ಮತ್ತೆ ನಡೆಯಬೇಕು. ಆದರೂ ವಾರಕ್ಕೆ ಎರಡು ಸಲ ಹೋಗುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು, ವಯಸ್ಸು 39. ಮಗನನ್ನು ಕರಾಟೆ ಕ್ಲಾಸಿಗೆ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತು ಕೂತು ಬೇಸರವಾಗಿ ಒಂದು ದಿನ ನಾನೂ ಹೆಸರು ಹಚ್ಚಿದೆ. ಎರಡೂ ಕಡೆ ಕಲಿಸುವುದು ಶೋಟೋಕಾನ್ ಅನ್ನುವ ಸ್ಟೈಲು. ಕಟಾಗಳೂ, ಅಂದರೆ ತಡೆ, ಗುದ್ದುಗಳನ್ನು ಗೊತ್ತಾದ ಕ್ರಮದಲ್ಲಿ ಒಂದಾದ ಮೇಲೊಂದು ಮಾಡುವ ಪಾಠಗಳೂ ಅವೇ. ಹಾಗಾಗಿ ಯಾವ ಸ್ಟೈಲು ದೊಡ್ಡದು ಅನ್ನುವ ಜಗಳ ಇಲ್ಲಿಲ್ಲ.

ಹುಬ್ಬಳ್ಳಿಯ ಕ್ಲಾಸಿನಲ್ಲಿ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಕಲಿತಿರಲಿ ಬಿಡಲಿ, ಪರೀಕ್ಷೆ. ತಲೆಗೆ 1,200 ರೂಪಾಯಿ, ಬೆಲ್ಟಿನ ದುಡ್ಡು ಬೇರೆ. ಫೇಲಾದವರನ್ನು ನಾನಂತೂ ನೋಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಹಳದಿ, ಕಿತ್ತಳೆ, ಹಸಿರು, ನೀಲಿ ಅಂತ ಇಬ್ಬರಿಗೂ ನಾಲ್ಕು ನಾಲ್ಕು ಬೆಲ್ಟು ಬಂದವು. ಸರ್ಟಿಫಿಕೇಟಿನಲ್ಲಿ 5ನೇ ಕ್ಯು ಎಂದಿತ್ತು. ಕ್ಯು ಅಂದರೆ ಕಪ್ಪು ಬೆಲ್ಟಿಗಿಂತ ಮುಂಚಿನ ಮೆಟ್ಟಿಲು; ಅದರ ಲೆಕ್ಕ ಮೇಲೇರಿದಷ್ಟೂ ಇಳಿಯುತ್ತದೆ, ಒಂದು ಮುಗಿದ ಮೇಲೆ ಕಪ್ಪು ಬೆಲ್ಟು. ಇನ್ನೇನು, ಅರ್ಧ ದಾರಿ ಬಂದೆವಲ್ಲ ಅಂತ ನಾವು ಖುಷಿಯಾಗಿದ್ದೆವು.

ಆಗ ಧಾರವಾಡದಿಂದ ಬ್ಲೌಸ್ ಹೊಲಿಸಲು ಬರುವ ಗಿರಾಕಿಯೊಬ್ಬರು ಗಂಟು ಬಿದ್ದರು. ಅವರ ಮಗಳು ಅಲ್ಲೇ ಕಲಿಯುತ್ತಿದ್ದಳು. 'ಒಂದ್ಸಲ ಬಂದು ನೋಡ್ರಿ ವೈನಿ' ಅಂದರು. ನೋಡಿಕೊಂಡು ಬರೋಣ ಅಂತಲೇ ಹೋದದ್ದು.

ಅಮ್ಮ, ಮಗ ಇಬ್ಬರೂ ನೀಲಿ ಬೆಲ್ಟು ಬಿಗಿದುಕೊಂಡು ನಿಂತೆವು. ಅಲ್ಲಿನ ಸರ್‌ಗೆ ಅರವತ್ತು ದಾಟಿರಬೇಕು. ಬೆಲ್ಟಿನ ಕಡೆ ನೋಡಲೇ ಇಲ್ಲ. 'ಹೇಯಾನ್ ಶೋದಾನ್ ತೋರಸ್ರಿ ಅಕ್ಕಾರ' ಅಂದರು. ನನಗೆ ಒಳಗೊಳಗೇ ನಗು. ಅದು ಶುರುವಿನಲ್ಲೇ ಕಲಿಸುವ ಕಟಾ. 21 ಎಣಿಕೆ. ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತೇನೆ.

ಎಡಕ್ಕೆ ತಿರುಗಿ ಕೆಳಗೆ ತಡೆ. ಒಂದು ಹೆಜ್ಜೆ ಮುಂದಿಟ್ಟು ಗುದ್ದು. ಪೂರ್ತಿ ಹಿಂದಕ್ಕೆ ತಿರುಗಿ ಮತ್ತೆ ಕೆಳಗೆ ತಡೆ. ನಾಲ್ಕನೆಯ ಎಣಿಕೆಗೆ ಅದೇ ಬಲಗೈಯನ್ನು ಸುತ್ತಿ ತಂದು, ಮುಷ್ಟಿಯನ್ನು ಕಿರುಬೆರಳಿನ ಕಡೆಯಿಂದ ಸುತ್ತಿಗೆಯ ಹಾಗೆ ಇಳಿಸಬೇಕು. ಇಳಿಸಿದೆ. 'ನಿಲ್ರಿ' ಅಂದರು. 'ಇದನ್ನ ಯಾಕ ಮಾಡಿದ್ರಿ?'

ಯಾಕೆ ಅಂದರೆ? ಕಟಾದಲ್ಲಿದೆ, ಮಾಡಿದೆ. ಹಾಗೇ ಹೇಳಿದೆ.

ಅವರು ಎದುರಿಗೆ ಬಂದು, ಕೆಳಗೆ ಚಾಚಿದ ನನ್ನ ಬಲಗೈಯ ಮಣಿಕಟ್ಟು ಹಿಡಿದರು. 'ಈಗ ಮಾಡ್ರಿ.' ಕೈ ಅಲ್ಲಾಡಲಿಲ್ಲ. ಹಲ್ಲು ಕಚ್ಚಿ ಎಳೆದೆ, ಭುಜ ಕಿವಿಯ ತನಕ ಬಂತು, ಕೈ ಮಾತ್ರ ಅಲ್ಲೇ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಬೇರೆ ಕಡೆ ಮುಖ ಮಾಡಿ ನಕ್ಕಳು. 'ಮುಂದಿನ ಕಾಲು ಹಿಂದಕ್ಕ ತಗೋರಿ. ಮೈ ಜಗ್ಗಲಿ, ಕೈ ತಾನ ಬರ್ತೈತಿ.' ಬಲಗಾಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಎಳೆದುಕೊಂಡೆ. ಕೈ ಬಿಡಿಸಿಕೊಂಡು ಬಂತು! ಹಾಗೇ ಸುತ್ತಿ ಅವರ ತೋಳಿನ ಮೇಲೆ ಇಳಿಯಿತು. ಹದಿನಾಲ್ಕು ತಿಂಗಳಿಂದ ನಾನು ಕಾಲು ಎಳೆಯದೆ ಬರೀ ಕೈ ಬೀಸುತ್ತಿದ್ದೆ. ನಾಲ್ಕು ಪರೀಕ್ಷೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಒಂದೇ ಹಾಲಿನಲ್ಲಿ ಅರವತ್ತು ಜನ, ಸರ್ ಮೈಕಿನಲ್ಲಿ ಇಚಿ, ನಿ, ಸಾನ್ ಅಂತ ಎಣಿಸುತ್ತಿದ್ದರು.

ಆಮೇಲೆ ಹಿಮ್ಮಡಿ. ಮುಂದಿನ ಮೊಣಕಾಲು ಬಗ್ಗಿಸಿ, ಹಿಂದಿನ ಕಾಲು ನೇರ ಚಾಚಿ ನಿಲ್ಲುವ ಜೆಂಕುತ್ಸು ದಾಚಿಯಲ್ಲಿ ನಿಲ್ಲಿಸಿದರು. ನನ್ನ ಬ್ಯಾಗಿನ ಮೇಲಿದ್ದ ಬಸ್ ಟಿಕೆಟ್ಟನ್ನು ಮಡಿಚಿ ಹಿಂದಿನ ಹಿಮ್ಮಡಿಯ ಕೆಳಗೆ ಇಟ್ಟರು. 'ಗುದ್ರಿ.' ಗುದ್ದಿದೆ. ಟಿಕೆಟ್ ಅವರ ಕೈಯಲ್ಲಿತ್ತು. ಮತ್ತೆ ಇಟ್ಟರು, ಮತ್ತೆ ಗುದ್ದಿದೆ, ಮತ್ತೆ ಎಳೆದುಕೊಂಡರು. ಹತ್ತು ಸಲದಲ್ಲಿ ಒಂದು ಸಲವೂ ನನ್ನ ಹಿಮ್ಮಡಿ ನೆಲದಲ್ಲಿ ನಿಲ್ಲಲಿಲ್ಲ. ಕೊನೆಗೆ ಟಿಕೆಟ್ ವಾಪಸ್ ಕೊಡುತ್ತಾ ಕೇಳಿದ್ದು ಒಂದೇ ಮಾತು: 'ಬಿಳಿ ಬೆಲ್ಟ್ ಐತೇನ್ರಿ ಮನ್ಯಾಗ?' ಬಿಳಿ ಅಂದರೆ ಹೊಸದಾಗಿ ಸೇರಿದವರ ಬೆಲ್ಟು.

ವಾಪಸ್ ಬರುವಾಗ ಮಗ ಉಣಕಲ್ ಕೆರೆ ಬರುವ ತನಕ ಅತ್ತ. 'ಸಾಲ್ಯಾಗ ಎಲ್ಲಾರಿಗೂ ನೀಲಿ ಅಂತ ಹೇಳೀನಿ ಮಮ್ಮಿ' ಅನ್ನುವುದೇ ಅವನ ದುಃಖ. ನನ್ನ ದುಃಖ ಬೇರೆ. ಪರೀಕ್ಷೆಗೆ ಅಂತಲೇ ಇಬ್ಬರದೂ ಸೇರಿ 9,600 ರೂಪಾಯಿ ಕಟ್ಟಿದ್ದೆ. ಎಷ್ಟು ಫಾಲ್ಸು, ಎಷ್ಟು ಬ್ಲೌಸಿನ ದುಡ್ಡು ಅದು! ಸುಮ್ನೆ ಹುಬ್ಬಳ್ಳಿಯಲ್ಲೇ ಮುಂದುವರಿಸಿದರೆ ಆ ದುಡ್ಡಿಗಾದರೂ ಬೆಲೆ ಬಂದೀತು ಅಂತ ಎರಡು ವಾರ ಎಲ್ಲಿಗೂ ಹೋಗಲಿಲ್ಲ.

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ಹೊಸ ಬ್ಲೌಸ್ ಬೇಕಾದರೆ ಒಂದು ದಿನದಲ್ಲಿ ಕೊಡಬಹುದು. ಯಾರೋ ತಪ್ಪು ಅಳತೆಗೆ ಹೊಲಿದದ್ದನ್ನು ಬಿಚ್ಚಿ ಸರಿ ಮಾಡು ಅಂದರೆ ಎರಡು ದಿನ ಬೇಕು, ಹಳೇ ಸೂಜಿ ತೂತು ಬೇರೆ ಕಾಣುತ್ತದೆ. ಈಗಲೂ ಸುಸ್ತಾದಾಗ ನನ್ನ ಹಿಮ್ಮಡಿ ಏಳುತ್ತದೆ.

ಮೂರನೇ ವಾರ ಹೋದೆವು. ಮಗನ ಮುಖ ನೋಡಿ ಸರ್ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಈ ಬೆಲ್ಟಿನ ಲೆಕ್ಕ ಕರಾಟೆಯದಲ್ಲವೇ ಅಲ್ಲ, ಜೂಡೋ ಶುರು ಮಾಡಿದ ಕಾನೋ ಜಿಗೊರೋ ಅವರದು ಅಂದರು. ಶೋಟೋಕಾನ್ ಶುರು ಮಾಡಿದ ಫುನಾಕೋಶಿ ಗಿಚಿನ್ ತಮ್ಮ ಶಿಷ್ಯರಿಗೆ ಮೊದಲ ಸಲ ದಾನ್, ಅಂದರೆ ಕಪ್ಪು ಬೆಲ್ಟಿನ ದರ್ಜೆ, ಕೊಟ್ಟದ್ದು 1924ರಲ್ಲಿ. ಅವರು ಹುಟ್ಟಿದ್ದು 1868ರಲ್ಲಿ. 'ಅಂದ್ರ ಅವ್ರು ಐವತ್ತು ವರ್ಷ ದಾಟೂ ತನಕಾ ಇಂಥಾ ಬೆಲ್ಟ್ ಯಾರಿಗೂ ಕೊಟ್ಟಿದ್ದಿಲ್ಲ, ತಿಳೀತಿಲ್ಲೋ?' ಮಗನಿಗೆ ಎಷ್ಟು ತಿಳಿಯಿತೋ, ಅಳು ಮಾತ್ರ ನಿಂತಿತು.

ದುಡ್ಡಿನ ವಿಷಯ. ಹುಬ್ಬಳ್ಳಿಯಲ್ಲಿ ತಿಂಗಳಿಗೆ 800, ಧಾರವಾಡದಲ್ಲಿ 500. ಬಸ್ ಖರ್ಚು ಸೇರಿಸಿದರೆ ಹೆಚ್ಚೂಕಡಿಮೆ ಸಮ. ವ್ಯತ್ಯಾಸ ಬೀಳುವುದು ಪರೀಕ್ಷೆಯಲ್ಲಿ. ಧಾರವಾಡದಲ್ಲಿ 400 ರೂಪಾಯಿ, ಬೆಲ್ಟೂ ಅದರಲ್ಲೇ ಬಂತು. ಅದೂ ಸರ್ ಕೂರಿಸಿದಾಗ ಮಾತ್ರ. ನನ್ನನ್ನು ಮೊದಲ ಸಲ ಕೂರಿಸಿದ್ದು ಏಳು ತಿಂಗಳಾದ ಮೇಲೆ.

ಡ್ರೆಸ್ಸಿನ ಬಗ್ಗೆ ಹೇಳದಿದ್ದರೆ ನಾನು ಟೇಲರ್ ಹೇಗಾದೇನು? ಹುಬ್ಬಳ್ಳಿಯಲ್ಲಿ ಅವರ ಹತ್ತಿರವೇ ಕೊಳ್ಳಬೇಕಿತ್ತು. 1,100 ಕೊಟ್ಟು ತಂದದ್ದು ಟೆರಿಕಾಟ್. ಬೆವರು ಹೀರುವುದಿಲ್ಲ, ಬೆನ್ನಿಗೆ ಅಂಟುತ್ತದೆ. ಕಾಲೆತ್ತಿ ಒದೆಯುವಾಗ ಮಗನ ಪ್ಯಾಂಟು ಎರಡು ಸಲ ಸಂದಿಯಲ್ಲಿ ಬಿಚ್ಚಿತು. ಹಸಿರು ಬೆಲ್ಟು ಒಗೆದ ದಿನ ಬಣ್ಣ ಬಿಟ್ಟು ಬಕೆಟ್ಟಿನ ಬಿಳಿ ಬಟ್ಟೆಯೆಲ್ಲ ಹೋಯಿತು. ಧಾರವಾಡದ ಸರ್ 'ನೀವ ಹೊಲ್ಕೋರಿ, ನಿಮಗ ಬರ್ತೈತಲ್ಲ' ಅಂದರು. ದಪ್ಪ ಕಾಟನ್ ಡ್ರಿಲ್ ಬಟ್ಟೆ ತಂದು, ಎರಡು ಸಲ ಒಗೆದು, ಆಮೇಲೆ ಕತ್ತರಿ ಹಾಕಿದೆ. ತೊಡೆ ಸಂದಿಗೆ ಒಂದು ತುಂಡು ಜಾಸ್ತಿ ಸೇರಿಸಿದೆ. ಗುದ್ದು ಸರಿಯಾದರೆ ತೋಳು ಪಟ್ ಅಂತ ಸದ್ದು ಮಾಡುತ್ತದೆ. ಅದೊಂದು ಸುಖ.

ಕುಮಿತೆ, ಅಂದರೆ ಇಬ್ಬರನ್ನು ಎದುರುಬದುರು ನಿಲ್ಲಿಸಿ ಹೊಡೆದಾಟ, ಆಡಿಸುವುದರಲ್ಲಿ ಮಾತ್ರ ಹುಬ್ಬಳ್ಳಿಯವರು ಮುಂದು. ಪಂದ್ಯಗಳಿಗೆ ಕರೆದುಕೊಂಡು ಹೋಗುತ್ತಾರೆ, ಮಕ್ಕಳಿಗೆ ಹೆದರಿಕೆ ಹೋಗುತ್ತದೆ. ಬ್ಯಾನರಿನಲ್ಲಿ ಒಲಿಂಪಿಕ್ ಕ್ರೀಡೆ ಅಂತ ಹಾಕಿರುತ್ತಾರೆ ನೋಡಿ, ಅದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. 2021ರಲ್ಲಿ ಟೋಕಿಯೋದಲ್ಲಿ ಆಡಿಸಿದ್ದು ನಿಜ, 2024ರ ಪ್ಯಾರಿಸ್‌ನಲ್ಲಿ ಕೈಬಿಟ್ಟರು.

ಮೊಬೈಲ್ ವಿಡಿಯೋ ನೋಡಿ ಕಲಿಯುವುದನ್ನೂ ಆ ಎರಡು ವಾರದಲ್ಲಿ ನೋಡಿದೆ. ಮೊಬೈಲು ನಿಮ್ಮ ಹಿಮ್ಮಡಿ ನೋಡುವುದಿಲ್ಲ.

ಮಗು ಒಂದು ತಾಸು ಓಡಾಡಿ, ನಾಲ್ಕು ಮಕ್ಕಳ ಜೊತೆ ಬೆರೆತರೆ ಸಾಕು ಅನ್ನುವವರಿಗೆ ಹತ್ತಿರದ ಕ್ಲಾಸೇ ಸರಿ, ತಪ್ಪೇನಿಲ್ಲ. ಹಾಗಿದ್ದರೆ ಪರೀಕ್ಷೆಗೆ ವರ್ಷಕ್ಕೆ ಒಟ್ಟು ಎಷ್ಟು ಅಂತ ಸೇರುವ ದಿನವೇ ಕೇಳಿಕೊಳ್ಳಿ. ನನಗೆ ಗಂಡನ ಬೈಗುಳ, ಬಸ್ಸಿನ ನೂಕಾಟ ಎಲ್ಲ ಸೇರಿದರೂ ಧಾರವಾಡವೇ ಬೇಕು. ಬಸ್ಸಿನಲ್ಲಿ ಕೂತು ಹೆಮ್ಮಿಂಗ್ ಮಾಡಿಕೊಳ್ಳುತ್ತೇನೆ, ಹೋಗಿ ಬರುವಷ್ಟರಲ್ಲಿ ಒಂದು ಸೀರೆಯ ಅಂಚು ಮುಗಿಯುತ್ತದೆ.

ಅಲ್ಲಿ ಸೇರಿ ಎರಡು ವರ್ಷ ಎರಡು ತಿಂಗಳಾಯಿತು. ಮಗ 6ನೇ ಕ್ಯು, ನಾನು 7ನೇ ಕ್ಯು. ನೀಲಿ ಇನ್ನೂ ಬಂದಿಲ್ಲ. ಮುಂದಿನ ಪರೀಕ್ಷೆ ದೀಪಾವಳಿ ಆದ ಮೇಲೆ. ಮಗನನ್ನು ಕೂರಿಸುತ್ತೇನೆ ಅಂದಿದ್ದಾರೆ. ನನ್ನ ಬಗ್ಗೆ ಸರ್ ಇನ್ನೂ ಏನೂ ಹೇಳಿಲ್ಲ.