ಗೊಂಬೆಮನೆಯ ಮೇಣದ ಬತ್ತಿಗೆ ಬೆಂಕಿ ತಾಗಿಸಬೇಡಿ

ಕೈಯಾರೆ ಪುಟ್ಟ ಮೇಣದ ಬತ್ತಿಗಳನ್ನು ಮಾಡಿ ಗೊಂಬೆಮನೆಯಲ್ಲೋ ದಸರೆಯ ಗೊಂಬೆ ಮೆಟ್ಟಿಲುಗಳ ಮೇಲೋ ಇಡುವವರು ದಯವಿಟ್ಟು ಇದನ್ನು ಓದಿ. ಕಳೆದ ವರ್ಷ ಮಹಾನವಮಿಯ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ನನ್ನ ಅಣ್ಣನ ಮಗಳ ಬಲಗೈಯ ಎರಡು ಬೆರಳು ಸುಟ್ಟವು. ಅಮ್ಮನ ಮದುವೆಗೆ ತವರಿನಿಂದ ಕೊಟ್ಟ ಪಟ್ಟದ ಗೊಂಬೆಗಳಲ್ಲಿ ರಾಣಿಯ ಮುಖ ಕಪ್ಪಾಯಿತು. ಇಷ್ಟಕ್ಕೂ ಕಾರಣ ಎರಡೂವರೆ ಸೆಂಟಿಮೀಟರ್ ಎತ್ತರದ ಆರು ಬತ್ತಿಗಳು.

ಮೈಸೂರಿನ ನಮ್ಮ ಮನೆಯಲ್ಲಿ ಪ್ರತಿ ವರ್ಷ ಏಳು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ಮೇಲೆ ಕಲಶ, ಅದರ ಪಕ್ಕದಲ್ಲಿ ಪಟ್ಟದ ಗೊಂಬೆ, ಕೆಳಗಿನ ಮೆಟ್ಟಿಲುಗಳಲ್ಲಿ ಚನ್ನಪಟ್ಟಣದ ಆಟಿಕೆಗಳು, ಪಕ್ಕದ ಮೇಜಿನ ಮೇಲೆ ಆ ವರ್ಷದ ದೃಶ್ಯ. ಕಳೆದ ವರ್ಷ ಮೈಸೂರಿನ ಹಳೆಯ ಕಟ್ಟಡಗಳನ್ನು ಮಾಡೋಣ ಎಂದುಕೊಂಡೆವು. ಮರದ ಹಳೆಯ ಅರಮನೆ, ಜಗನ್ಮೋಹನ ಅರಮನೆ, ಸಂತ ಫಿಲೋಮಿನಾ ಚರ್ಚು. ಚರ್ಚಿನ ಜೋಡಿ ಗೋಪುರಗಳು 175 ಅಡಿ ಎತ್ತರ. ಗೊಂಬೆಮನೆ ಮಾಡುವವರು ಸಾಮಾನ್ಯವಾಗಿ ಹಿಡಿಯುವ ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಕಟ್ಟಿದರೂ ಅದು ಹದಿನಾಲ್ಕು ಅಡಿ ದಾಟುತ್ತದೆ. ಹಾಗಾಗಿ ಒಳಗಿನ ಪೂಜಾಪೀಠವೊಂದನ್ನೇ ನಮ್ಮ ಕಲ್ಪನೆಯಂತೆ ಮಾಡಲು ತೀರ್ಮಾನಿಸಿದೆ. ಥರ್ಮೋಕೋಲಿನ ಗೋಡೆ, ಥರ್ಮೋಕೋಲಿನಲ್ಲೇ ಕೊರೆದ ಕಮಾನು, ಬಣ್ಣದ ಜಿಲೇಟಿನ್ ಕಾಗದದ ಕಿಟಕಿಗಳು, ಪೀಠಕ್ಕೆ ಹಳೆಯ ರವಿಕೆಯಿಂದ ಬಿಚ್ಚಿದ ಲೇಸಿನ ಹೊದಿಕೆ. ಇವೆಲ್ಲವೂ ಬೆಂಕಿಗೆ ಎಂಥ ಆಹಾರ ಎಂದು ಈಗ ಬರೆಯುವಾಗ ಕಣ್ಣಿಗೆ ಹೊಡೆಯುತ್ತದೆ. ಮಾಡುವಾಗ ಅವು ಬರೀ ಗೋಡೆ, ಕಿಟಕಿ, ಬಟ್ಟೆ ಆಗಿದ್ದವು.

ಬತ್ತಿಗಳನ್ನು ಮಾಡಿದ ಬಗೆಯನ್ನು ಹೇಳಬೇಕು. ಆ ಕೆಲಸದ ಮೇಲೆ ನನಗೆ ಈಗಲೂ ಪ್ರೀತಿ ಇದೆ, ನೀವು ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಜೇನುಮೇಣವನ್ನು ಸ್ಟೀಲ್ ಲೋಟದಲ್ಲಿ ಹಾಕಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ನೀರು ಕುದಿಯುವ ಅಗತ್ಯವೇ ಇಲ್ಲ. ಹೊಲಿಗೆಯ ಹತ್ತಿದಾರವನ್ನು ಗೇಣುದ್ದ ಕತ್ತರಿಸಿ, ಒಮ್ಮೆ ಅದ್ದಿ ಎಳೆದು ನೆಟ್ಟಗೆ ಮಾಡಿ ಆರಲು ಬಿಟ್ಟೆ. ಆಮೇಲೆ ಅದ್ದುವುದು, ಆರಿಸುವುದು, ಮತ್ತೆ ಅದ್ದುವುದು. ಲೋಟದೊಳಗೆ ಹೆಚ್ಚು ಹೊತ್ತು ಬಿಟ್ಟರೆ ಹಿಂದಿನ ಪದರವೇ ಕರಗಿಹೋಗುತ್ತದೆ, ಆದ್ದರಿಂದ ಅದ್ದಿದ ಕೂಡಲೇ ಎತ್ತಬೇಕು. ನಾಲ್ಕೈದು ಸಲಕ್ಕೆ ಎರಡು ಮಿಲಿಮೀಟರ್ ದಪ್ಪ ಬರುತ್ತದೆ. ಇನ್ನೂ ಬೆಚ್ಚಗಿರುವಾಗಲೇ ಎರಡು ಗಾಜಿನ ತುಂಡುಗಳ ನಡುವೆ ಹೊಸೆದರೆ ಗಂಟುಗಳು ಹೋಗಿ ನಯವಾಗುತ್ತದೆ. ಬ್ಲೇಡಿನಿಂದ ಎರಡೂವರೆ ಸೆಂಟಿಮೀಟರಿಗೆ ಒಂದರಂತೆ ಕತ್ತರಿಸಿ, ಒಂದು ತುದಿಯ ಮೇಣವನ್ನು ಉಗುರಿನಿಂದ ಸುಲಿದು ದಾರ ಕಾಣುವಂತೆ ಮಾಡಿದೆ. ಸೂಜಿಯ ಮೊನೆಯಲ್ಲಿ ಒಂದೊಂದು ಹನಿ ಮೇಣ ತೆಗೆದು ಪಕ್ಕದಲ್ಲಿ ಇಳಿಸಿದರೆ ಉರಿದು ಸೋರಿದ ಗುರುತು. ಬಂಗಾರದ ಬಣ್ಣದ ಮಣಿ ಮತ್ತು ಷರಟಿನ ಗುಂಡಿಯಿಂದ ನಿಲುಗಂಬ. ಹೀಗೆ 24 ಬತ್ತಿ ಮಾಡಿದೆ. ಬೆಳಕಿಗೆ ಹಿಡಿದಾಗ ಮೇಣದ ಆ ಮಸುಕು ಹಳದಿ ನೋಡಿ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಿದ್ದರು.

ಎಂಟು ದಿನ ಬತ್ತಿಗಳು ಹಾಗೆಯೇ ನಿಂತಿದ್ದವು. ಬಂದವರೆಲ್ಲ ಮೆಚ್ಚಿದರು. ಒಂಬತ್ತನೆಯ ದಿನ ಪುಟ್ಟಿ (ಅಣ್ಣನ ಮಗಳು, ಹನ್ನೊಂದು ವರ್ಷ) ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅದರಲ್ಲಿ ಯಾರೋ ಇಂಥದ್ದೇ ಪುಟ್ಟ ಬತ್ತಿಗಳನ್ನು ಗೊಂಬೆಯ ಊಟದ ಮೇಜಿನ ಮೇಲೆ ಹೊತ್ತಿಸಿದ್ದರು, ನೋಡಲು ಬಹಳ ಚೆನ್ನಾಗಿತ್ತು. ಆ ಮೇಜಿನ ಮೇಲ್ಗಡೆ ಏನಿತ್ತು, ಎಷ್ಟು ಹೊತ್ತು ಉರಿಸಿದರು, ಪಕ್ಕದಲ್ಲಿ ಏನು ಇಟ್ಟುಕೊಂಡಿದ್ದರು ಎಂಬ ಒಂದು ಮಾತೂ ಅದರಲ್ಲಿ ಇರಲಿಲ್ಲ. "ಅತ್ತೆ, ಒಂದೇ ಒಂದು ಸಲ ಹಚ್ಚೋಣ. ನಾನು ವಿಡಿಯೊ ಮಾಡಿಕೊಂಡ ತಕ್ಷಣ ಆರಿಸಿಬಿಡೋಣ" ಎಂದಳು. ನಾನು ಒಪ್ಪಿದೆ. ದೊಡ್ಡವಳು ನಾನು, ಬೇಡ ಎನ್ನಬೇಕಿದ್ದವಳೂ ನಾನೇ.

ಊದಿನಕಡ್ಡಿಯ ತುದಿಯಿಂದ ಹತ್ತಲಿಲ್ಲ, ಬೆಂಕಿಕಡ್ಡಿ ಗೀರಿದೆ. ಆರೂ ಬತ್ತಿ ಹತ್ತಿಕೊಂಡ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಕುಡಿಯ ಎತ್ತರ. ಒಂದೊಂದು ಕುಡಿಯೂ ಬತ್ತಿಯ ಅರ್ಧದಷ್ಟಿತ್ತು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಕುರ್ಚಿಯನ್ನು, ಕಿಟಕಿಯನ್ನು, ಬತ್ತಿಯನ್ನು ನಾವು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಬಹುದು, ಬೆಂಕಿಯನ್ನು ಇಳಿಸಲು ಬರುವುದಿಲ್ಲ. ನಿಜವಾದ ಮೇಣದ ಬತ್ತಿಯ ಕುಡಿ ಮೂರು ನಾಲ್ಕು ಸೆಂಟಿಮೀಟರ್ ಇರುತ್ತದೆ ಎಂದುಕೊಂಡರೆ ಗೊಂಬೆಯ ಅಳತೆಯಲ್ಲಿ ಅದು ಮೂರು ಮಿಲಿಮೀಟರ್ ಇರಬೇಕು. ಹೊಲಿಗೆಯ ದಾರದ ಕುಡಿ ಒಂದು ಸೆಂಟಿಮೀಟರ್ ದಾಟಿತ್ತು. ಗೊಂಬೆಗಳ ಲೆಕ್ಕದಲ್ಲಿ ಅದು ಸುಮಾರು ಅರ್ಧ ಅಡಿಯ ಉರಿ. ಶಾಖವಂತೂ ಸ್ವಲ್ಪವೂ ತಗ್ಗುವುದಿಲ್ಲ. ಮೇಣ ಉರಿಯುವ ಕುಡಿ ಚಿಕ್ಕದಿರಲಿ ದೊಡ್ಡದಿರಲಿ, ಅದರ ಅತಿ ಬಿಸಿಯಾದ ಭಾಗ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನನ್ನ ಥರ್ಮೋಕೋಲಿನ ಕಮಾನು ಆ ಕುಡಿಗಳಿಗಿಂತ ಮೂರು ಬೆರಳು ಮೇಲಿತ್ತು. ಥರ್ಮೋಕೋಲು ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಕುಗ್ಗುತ್ತದೆ.

ಎರಡನೆಯ ಸಂಗತಿ ಬತ್ತಿಯ ದಪ್ಪ. ದೊಡ್ಡ ಬತ್ತಿಯಲ್ಲಿ ಕುಡಿಯ ಸುತ್ತ ಕರಗಿದ ಮೇಣ ಒಂದು ಬಟ್ಟಲಿನಂತೆ ನಿಲ್ಲುತ್ತದೆ, ಹೊರಗಿನ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಎರಡು ಮಿಲಿಮೀಟರಿನ ಬತ್ತಿಗೆ ಅಂಥ ಗೋಡೆಯೇ ಇಲ್ಲ. ಕುಡಿಯ ಬಿಸಿಗೆ ಇಡೀ ಕಾಂಡವೇ ಮೆತ್ತಗಾಗುತ್ತದೆ. ಒಂದು ನಿಮಿಷವೂ ಆಗಿರಲಿಲ್ಲ, ಎಡತುದಿಯ ಬತ್ತಿ ನಡುವಿನಲ್ಲಿ ಬಾಗಿತು. ಬಾಗಿದ್ದು ಬಿದ್ದದ್ದು ಒಂದೇ ಕ್ಷಣದಲ್ಲಿ. ಲೇಸಿನ ಮೇಲೆ ಅಷ್ಟು ಹೊತ್ತಿಗೆ ಮೇಣ ಸೋರಿ ನೆನೆದಿತ್ತು. ಮೇಣ ಕುಡಿದ ಬಟ್ಟೆ ಎಂದರೆ ಅದೇ ಒಂದು ಬತ್ತಿ. ಅಂಚಿನುದ್ದಕ್ಕೂ ಬೆಂಕಿ ಓಡಿತು.

ಪುಟ್ಟಿ ಮೊಬೈಲ್ ಕೆಳಗೆ ಹಾಕಿ, ಬಿದ್ದ ಬತ್ತಿಯನ್ನು ಎತ್ತಲು ಕೈ ಚಾಚಿದಳು. ಮಕ್ಕಳು ಹೀಗೆಯೇ ಮಾಡುತ್ತಾರೆ, ಬಿದ್ದದ್ದನ್ನು ಎತ್ತಲು ಹೋಗುತ್ತಾರೆ. ಆ ಕ್ಷಣಕ್ಕೇ ಕಮಾನಿನಿಂದ ಉರಿಯುತ್ತಿದ್ದ ಥರ್ಮೋಕೋಲಿನ ಹನಿ ಅವಳ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬಿತ್ತು. ಅದು ಎಣ್ಣೆಯಂತೆ ಜಾರುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಕಪ್ಪು ಹೊಗೆ ಮೇಲೆದ್ದಿತು. ಬೆಂಕಿ ಗೋಡೆಯ ಹಿಂದಿನಿಂದ ಮೆಟ್ಟಿಲುಗಳ ಬಿಳಿ ಪಂಚೆಗೆ ಹತ್ತಿ ಮೇಲಕ್ಕೆ ಏರಿತು. ನೀರು ಅಡುಗೆಮನೆಯಲ್ಲಿತ್ತು. ಕೈಗೆ ಸಿಕ್ಕದ್ದು ಕಲಶ ಒಂದೇ. ವಿಜಯದಶಮಿಯವರೆಗೆ ಕದಲಿಸಬಾರದ ಕಲಶವನ್ನು ತೆಂಗಿನಕಾಯಿ ಸಮೇತ ಎಳೆದು ಆ ನೀರನ್ನು ಪಂಚೆಯ ಮೇಲೆ ಸುರಿದೆ. ಅಮ್ಮ ಒದ್ದೆ ಟವೆಲ್ ತಂದು ಮೇಜಿನ ಮೇಲೆ ಹಾಕಿದರು. ಇಷ್ಟರಲ್ಲಿ ಪಟ್ಟದ ರಾಣಿಯ ಜರತಾರಿ ಸೀರೆ ಉರಿದು ಹೋಗಿತ್ತು, ರಕ್ತಚಂದನದ ಕೆನ್ನೆಯ ಬಣ್ಣ ಎದ್ದು ಸುಲಿದಿತ್ತು.

ನಮ್ಮ ದೃಶ್ಯದ ಮೊದಲ ಕಟ್ಟಡದ ಮುಂದೆ ನಾನೇ ಒಂದು ಚೀಟಿ ಬರೆದು ಇಟ್ಟಿದ್ದೆ: "1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಮರದ ಹಳೆಯ ಅರಮನೆ ಸುಟ್ಟುಹೋಯಿತು. ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು." ಒಂಬತ್ತು ದಿನ ಬಂದವರಿಗೆಲ್ಲ ಅದನ್ನು ಓದಿ ಹೇಳಿದ್ದೆ. ಮಾರನೆಯ ದಿನ ಮೇಜು ತೊಳೆಯುವಾಗ ಆ ಚೀಟಿ ಒದ್ದೆಯಾಗಿ ಕೈಗೆ ಅಂಟಿಕೊಂಡಿತು. ಆಗ ತಡೆಯಲಾರದೆ ಅತ್ತೆ.

ಬೆರಳಿನ ಚಿಕಿತ್ಸೆಯ ಬಗ್ಗೆ ಎರಡು ಮಾತು. ಗಾಬರಿಯಲ್ಲಿ ನಾನು ಟೂತ್‌ಪೇಸ್ಟ್ ಹಚ್ಚಲು ಹೊರಟಿದ್ದೆ. ಪಕ್ಕದ ಮನೆಯ ನರ್ಸ್ ಓಡಿ ಬಂದು ತಡೆದು, ಪುಟ್ಟಿಯ ಕೈಯನ್ನು ಹರಿಯುವ ನಲ್ಲಿಯ ನೀರಿನ ಕೆಳಗೆ ಹಿಡಿಸಿದರು. ಪೂರ್ತಿ ಇಪ್ಪತ್ತು ನಿಮಿಷ. ಮಂಜುಗಡ್ಡೆ ಬೇಡ, ತುಪ್ಪ ಬೇಡ, ಇಂಕು ಬೇಡ. ಅಂಟಿಕೊಂಡ ಥರ್ಮೋಕೋಲನ್ನು ಕಿತ್ತುಹಾಕಲು ಬಿಡಲಿಲ್ಲ, ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಹಾಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳ ಬೆರಳು ಈಗ ಪೂರ್ತಿ ಮಡಚಲು ಬರುತ್ತದೆ, ಕಲೆ ಉಳಿದಿದೆ.

ಮೇಣ ಕರಗಿಸುವಾಗಿನ ಅಪಾಯವನ್ನೂ ಹೇಳದಿದ್ದರೆ ಈ ಎಚ್ಚರಿಕೆ ಅರ್ಧವಾಗುತ್ತದೆ. ನಾನು ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿದ್ದಕ್ಕೆ ಕಾರಣ ಹಿಂದೊಮ್ಮೆ ಗೆಳತಿಯ ಅಡುಗೆಮನೆಯಲ್ಲಿ ಕಂಡದ್ದು. ಅವಳು ಮೇಣದ ಬಾಣಲೆಯನ್ನು ನೇರವಾಗಿ ಗ್ಯಾಸ್ ಮೇಲೆ ಇಟ್ಟು ಬಾಗಿಲು ತೆರೆಯಲು ಹೋಗಿದ್ದಳು. ಮೇಣ ನೀರಿನಂತೆ ಕುದಿದು ಎಚ್ಚರಿಸುವುದಿಲ್ಲ, ಸುಮ್ಮನೆ ಬಿಸಿಯಾಗುತ್ತಲೇ ಹೋಗುತ್ತದೆ. ಇನ್ನೂರು ಡಿಗ್ರಿ ದಾಟುವ ಹೊತ್ತಿಗೆ ಅದರ ಆವಿಗೆ ಒಲೆಯ ಉರಿ ಸಾಕು. ಅವಳು ಬಂದು ನೋಡುವಾಗ ಬಾಣಲೆ ಹೊತ್ತಿ ಉರಿಯುತ್ತಿತ್ತು, ಒಂದು ಚೊಂಬು ನೀರು ಸುರಿದಳು. ಕಾದ ಮೇಣದ ಅಡಿಗೆ ಇಳಿದ ನೀರು ಒಮ್ಮೆಲೇ ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ಮೇಣವನ್ನು ಚಾವಣಿಯವರೆಗೆ ಎಸೆಯುತ್ತದೆ. ಅವಳ ಹುಬ್ಬು ಮತ್ತು ಮುಂಗೂದಲು ಸುಟ್ಟವು, ಕಣ್ಣು ಉಳಿದದ್ದು ಅದೃಷ್ಟ. ನಾನು ನೀರು ಸುರಿದದ್ದು ಬಟ್ಟೆಗೆ ಹತ್ತಿದ ಬೆಂಕಿಗೆ. ಪಾತ್ರೆಯ ತುಂಬ ಕಾದ ಮೇಣ ಇದ್ದರೆ ನೀರು ಬೇಡವೇ ಬೇಡ. ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ, ಪಾತ್ರೆಯನ್ನು ಕದಲಿಸದೆ ಬಿಡಿ.

ಹೊತ್ತಿಸದೆಯೂ ಬತ್ತಿ ಉರಿಯುತ್ತಿರುವಂತೆ ಕಾಣಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಹಳದಿ ಛಾಯೆಯ ಅತಿ ಚಿಕ್ಕ ಎಲ್‌ಇಡಿಗಳು ಕೂದಲೆಳೆಯಂಥ ತಂತಿಯ ಸಮೇತ ಸಿಗುತ್ತವೆ. ಬತ್ತಿಯನ್ನು ಮೇಣದಲ್ಲಿ ಮಾಡುವ ಬದಲು ಕಾಗದದ ಸಣ್ಣ ಕೊಳವೆಯನ್ನು ಸುತ್ತಿ, ತಂತಿಯನ್ನು ಅದರೊಳಗಿಂದ ಇಳಿಸಿ, ಹೊರಗೆ ಬಿಳಿ ಅಂಟಿನ ಹನಿಗಳನ್ನು ಇಳಿಬಿಟ್ಟರೆ ಎದುರಿಗೆ ಕುಳಿತವರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಇವುಗಳಿಗೆ ಹಾಕುವ ಗುಂಡಿಯಂಥ ಬ್ಯಾಟರಿ ಇದೆಯಲ್ಲ, ಅದು ಮಗುವಿನ ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಗೊಂಬೆ ನೋಡಲು ಅಂಬೆಗಾಲಿಡುವ ಮಕ್ಕಳೂ ಬರುತ್ತಾರೆ. ತಿರುಪು ಹಾಕಿ ಮುಚ್ಚುವ ಬ್ಯಾಟರಿ ಪೆಟ್ಟಿಗೆಯನ್ನೇ ಕೊಳ್ಳಿ, ಅದನ್ನು ಮೇಜಿನ ಹಿಂದೆ ಎತ್ತರದಲ್ಲಿ ಕಟ್ಟಿ. ಮಗು ನುಂಗಿರಬಹುದು ಎಂಬ ಸಂಶಯ ಬಂದರೂ ಸಾಕು, ಕಾದು ನೋಡದೆ ಆಸ್ಪತ್ರೆಗೆ ಓಡಿ.

ಮೇಣದ ಬತ್ತಿಯನ್ನೇ ಇಡುವುದಾದರೆ ಹಳೆಯ ಬಗೆಯ ಬಿಸಿಯಾಗುವ ಬಲ್ಬುಗಳ ಸೀರಿಯಲ್ ಸೆಟ್ಟನ್ನು ಅದರ ಹತ್ತಿರ ಬಿಡಬೇಡಿ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಯೂ ಬೇಡ. ಮೇಣ ಕರಗುವುದಕ್ಕೆ ಬಹಳ ಮೊದಲೇ ಬಾಗುತ್ತದೆ. ರಾಯಚೂರಿನಲ್ಲಿರುವ ನನ್ನ ತಂಗಿಗೆ ಕೊಟ್ಟ ನಾಲ್ಕು ಬತ್ತಿಗಳು ಏಪ್ರಿಲ್ ತಿಂಗಳಲ್ಲಿ ಕಪಾಟಿನೊಳಗೇ ತಲೆಬಾಗಿದವು.

ಇನ್ನೊಂದು ಮುಖ್ಯವಾದ ಕೆಲಸ. ನೀವು ಹೊತ್ತಿಸದಿದ್ದರೂ ಮನೆಗೆ ಬಂದ ಮಗು ಹೊತ್ತಿಸಬಹುದು, ಬೆಂಕಿಪೊಟ್ಟಣ ದೀಪದ ಪಕ್ಕದಲ್ಲೇ ಇರುತ್ತದೆ. ದಾರದ ತುದಿ ಹೊರಗೆ ಕಂಡರೆ ಯಾರಿಗಾದರೂ ಕೈ ಹೋಗುತ್ತದೆ. ಆದ್ದರಿಂದ ಬತ್ತಿಯೊಳಗೆ ದಾರವನ್ನೇ ಹಾಕಬೇಡಿ. ತೆಳುವಾದ ತಾಮ್ರದ ತಂತಿಯ ಮೇಲೆ ಮೇಣ ಅದ್ದಿ, ತುದಿಗೆ ಕಪ್ಪು ಬಣ್ಣ ಮುಟ್ಟಿಸಿದರೆ ಸುಟ್ಟ ದಾರದಂತೆಯೇ ಕಾಣುತ್ತದೆ. ಬತ್ತಿ ನೆಟ್ಟಗೂ ನಿಲ್ಲುತ್ತದೆ.

ನನ್ನ ಡಬ್ಬಿಯಲ್ಲಿ ದಾರದ ಬತ್ತಿಗಳು ಇನ್ನೂ 18 ಉಳಿದಿದ್ದವು. ಬ್ಯಾಂಡೇಜು ಬಿಚ್ಚಿದ ವಾರ ಪುಟ್ಟಿ ಬಂದು, "ಅತ್ತೆ, ಅವನ್ನು ಎಸೆಯಬೇಡಿ" ಎಂದಳು. ಉಗುರು ಕತ್ತರಿಸುವ ಚಿಕ್ಕ ಕತ್ತರಿ ಹಿಡಿದು, ನೆಲದ ಮೇಲೆ ಕುಳಿತು, ಒಂದೊಂದರ ತುದಿಯನ್ನೂ ಮೇಣದ ಮಟ್ಟಕ್ಕೆ ಕತ್ತರಿಸಿದಳು. ಉದುರಿದ ದಾರದ ಚೂರುಗಳನ್ನು ಅಮ್ಮ ಒಂದು ಕಾಗದದಲ್ಲಿ ಒಟ್ಟುಮಾಡಿ ಕಸದ ಬುಟ್ಟಿಗೆ ಹಾಕಿದರು.