ಮಗೂನ ಕೂರಿಸ್ಕೊಂಡು ದಿನಾ ಸೈಕಲ್: ಮುಂದಿನ ಸೀಟಾ, ಹಿಂದಿನ ಸೀಟಾ, ಟ್ರೈಲರಾ?

ಮಗಳನ್ನ ಮೈಸೂರಿನ ಕುವೆಂಪುನಗರದಿಂದ ಸರಸ್ವತಿಪುರಂ ನರ್ಸರಿಗೆ ಬಿಟ್ಟು ಹಾಗೇ ಆಫೀಸಿಗೆ ಹೋಗೋದು ನಾನು ಸೈಕಲ್ಲಲ್ಲೇ, ಅವಳಿಗೀಗ ನಾಕು ವರ್ಷ ತುಂಬ್ತಾ ಇದೆ, ಇಷ್ಟರಲ್ಲಿ ಒಂದಾದ್ಮೇಲೊಂದು ಬೇರೆ ಬೇರೆ ಸೆಟಪ್ ಓಡಿಸಿ ನೋಡಿದೀನಿ. ಮೊದಲೇ ಹೇಳ್ಬಿಡ್ತೀನಿ, ಮೂರು ವರ್ಷದ ತನಕ ಬೆಲ್ಟ್ ಇರೋ ಮುಂದಿನ ಸೀಟು, ಆಮೇಲೆ ಫ್ರೇಮಿಗೆ ಕೂರೋ ಹಿಂದಿನ ಸೀಟು, ಎರಡಕ್ಕೂ ಡಬಲ್ ಸ್ಟ್ಯಾಂಡ್ ಬೇಕೇ ಬೇಕು.

ಮುಂದಿನ ಸೀಟಲ್ಲಿ ಎರಡು ಥರ. ಒಂದು ನಮ್ಮಪ್ಪನ ಕಾಲದಿಂದ ಇರೋದು, ಜೆಂಟ್ಸ್ ಸೈಕಲ್ಲಿನ ಬಾರ್ ಮೇಲೆ ಬೋಲ್ಟ್ ಹಾಕಿ ಕೂರಿಸೋ ಪುಟ್ಟ ಸೀಟು, ಬೆನ್ನಿಗೂ ಆಸರೆ ಇಲ್ಲ ಬೆಲ್ಟೂ ಇಲ್ಲ, ಮಗು ನಿದ್ದೆ ಹೋದ್ರೆ ಒಂದು ಕೈಯಲ್ಲಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಓಡಿಸ್ಬೇಕು, ಟ್ರಾಫಿಕ್ಕಲ್ಲಿ ಅದು ಆಗದ ಮಾತು. ಇನ್ನೊಂದು ಹ್ಯಾಂಡಲ್ ಕೆಳಗಿನ ಪೈಪಿಗೆ ಕ್ಲಾಂಪ್ ಹಾಕೋದು, ಬೆಲ್ಟು, ಕಾಲಿಡೋ ಜಾಗ ಎಲ್ಲಾ ಇರತ್ತೆ, ಸಾಮಾನ್ಯವಾಗಿ 15 ಕೆಜಿ ತನಕ. ಇದು ನನಗೆ ತುಂಬಾ ಇಷ್ಟ ಆಗಿತ್ತು. ಮಗು ನಮ್ಮ ಎರಡೂ ತೋಳಿನ ಮಧ್ಯ ಇರತ್ತೆ, ಕುಕ್ಕರಹಳ್ಳಿ ಕೆರೆ ಹತ್ರ ಹೋಗ್ತಾ ಹಕ್ಕಿ ತೋರಿಸ್ತಾ ಮಾತಾಡ್ಕೊಂಡೇ ಹೋಗ್ಬಹುದು. ಆದ್ರೆ ಬೆಳೀತಾ ಬೆಳೀತಾ ಅವಳ ಹೆಲ್ಮೆಟ್ ನನ್ನ ಗದ್ದಕ್ಕೆ ತಾಗೋಕೆ ಶುರುವಾಯ್ತು, ಮಂಡಿ ಅಗಲ ಮಾಡಿ ಪೆಡಲ್ ತುಳೀಬೇಕು, ತಿರುವಲ್ಲಿ ಹ್ಯಾಂಡಲ್ ಭಾರ. ಸೈಕಲ್ ಹತ್ತೋದೂ ಸುಲಭ ಅಲ್ಲ, ಅದಕ್ಕೆ ಲೇಡೀಸ್ ಸೈಕಲ್ಲೇ ಬೇಕು.

ಹಿಂದಿನ ಸೀಟಿನ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಜಾಸ್ತಿ ಜನ ತಗೊಳೋದು ಇದನ್ನೇ. ಕ್ಯಾರಿಯರ್ ಮೇಲೆ ಬಿಗಿಯೋ ಕಬ್ಬಿಣದ ಸೀಟು ಕಮ್ಮಿ ದುಡ್ಡಿಗೆ ಸಿಗತ್ತೆ, ಗಟ್ಟೀನೂ ಇರತ್ತೆ, ಆದ್ರೆ ಹೆಚ್ಚಿನವಕ್ಕೆ ಕಾಲಿನ ಪಕ್ಕ ಮರೆ ಇರಲ್ಲ. ಮಗು ಕಾಲು ಆಡಿಸ್ತಾ ಇದ್ರೆ ಹಿಮ್ಮಡಿ ನೇರ ಚಕ್ರದ ಕಡ್ಡಿಗೆ ಹೋಗತ್ತೆ, ಆ ಗಾಯ ಚರ್ಮ ಕಿತ್ತು ಮೂಳೆ ತನಕ ಹೋಗೋದುಂಟು. ಇದನ್ನೇ ತಗೊಳೋದಾದ್ರೆ ಚಕ್ರದ ಎರಡೂ ಪಕ್ಕ ನೆಟ್ ಹಾಕಿಸ್ದೆ ಮಗೂನ ಕೂರಿಸ್ಲೇಬೇಡಿ. ಹಂಪ್ ಬಂದಾಗ ಪೂರ್ತಿ ಏಟು ಮಗು ಬೆನ್ನಿಗೇ.

ಫ್ರೇಮಿಗೆ ಕೂರೋದು ಬೇರೆ ಥರ. ನಾವು ಕೂರೋ ಸೀಟ್ ಕೆಳಗಿನ ಪೈಪಿಗೆ ಒಂದು ಬ್ರ್ಯಾಕೆಟ್, ಅದರಿಂದ ಹೊರಟ ಎರಡು ಸ್ಟೀಲ್ ಕಂಬಿ ಮೇಲೆ ಸೀಟು ತೂಗ್ತಾ ಇರತ್ತೆ, ಹಂಪ್ ಹಾರಿದಾಗ ತೊಟ್ಟಿಲ ಥರ ಮೇಲೆ ಕೆಳಗೆ ಆಡತ್ತೆ. ಕಾಲಿಗೆ ಪೂರ್ತಿ ಮರೆ, ಪಾದಕ್ಕೆ ಪಟ್ಟಿ, ಭುಜದ ಬೆಲ್ಟು, 22 ಕೆಜಿ ತನಕ ತಡಿಯತ್ತೆ. ಬೆಲೆ ಜಾಸ್ತಿ, ನಿಜ. ಇದರಲ್ಲೂ ಒಂದು ನೋಡ್ಕೊಳ್ಬೇಕು, ನಮ್ಮ ಸೈಕಲ್ ಸೀಟಿನ ಹಿಂದೆ ಸ್ಪ್ರಿಂಗ್ ಇರತ್ತಲ್ಲ, ಮಗು ಕೈ ಸರಿಯಾಗಿ ಅಲ್ಲಿಗೇ ಬರತ್ತೆ, ನಾವು ಕೂತ ತಕ್ಷಣ ಸ್ಪ್ರಿಂಗ್ ಒತ್ತಿ ಬೆರಳು ಸಿಕ್ಕೊಳತ್ತೆ. ನಾನು ಹಳೇ ಟ್ಯೂಬ್ ಕತ್ತರಿಸಿ ಸುತ್ತಿ ಬಿಗಿದಿದೀನಿ. ವೇಲ್ ಹಾಕೋರು ಅದನ್ನ ಸೊಂಟಕ್ಕೆ ಗಂಟು ಹಾಕ್ಕೊಳಿ.

ಈಗ ಸ್ಟ್ಯಾಂಡ್. ಓಡ್ತಿರೋವಾಗಿಂತ ನಿಂತಿರೋವಾಗ್ಲೇ ಸೈಕಲ್ ಬೀಳೋ ಭಯ ಜಾಸ್ತಿ, ಮಗೂನ ಎತ್ತಿ ಕೂರಿಸಿ ಬೆಲ್ಟ್ ಹಾಕೋ ಹೊತ್ತಲ್ಲಿ ಅದು ಒಂದು ಕಡೆ ವಾಲತ್ತೆ, ಸೈಡ್ ಸ್ಟ್ಯಾಂಡ್ ತಡಿಯಲ್ಲ. ಅಗಲ ಕಾಲಿನ ಡಬಲ್ ಸ್ಟ್ಯಾಂಡ್ ಹಾಕಿಸಿ, ಹಾಕಿದ್ಮೇಲೂ ಮಗೂನ ಸೈಕಲ್ ಮೇಲೆ ಬಿಟ್ಟು ಗೇಟ್ ತೆಗೆಯೋಕೆ ಹೋಗ್ಬೇಡಿ.

ಟ್ರೈಲರ್ ಅಂದ್ರೆ ಸೈಕಲ್ ಹಿಂದೆ ಕಟ್ಟಿ ಎಳೆಯೋ ಮಗು ಗಾಡಿ, ಪಕ್ಕದ್ಮನೆಯವರು ಜರ್ಮನಿಯಿಂದ ತಂದಿದ್ದು, ಇಸ್ಕೊಂಡು ಓಡಿಸ್ದೆ. ಒಳಗೆ ಮಗು ಆರಾಮಾಗಿ ಮಲಗತ್ತೆ, ಮಳೆ ಬಂದ್ರೂ ಚಿಂತೆ ಇಲ್ಲ. ಆದ್ರೆ ಅದು ಸೈಕಲ್ ಹ್ಯಾಂಡಲ್ಲಿಗಿಂತ ಅಗಲ, ಎತ್ತರಾನೂ ಇಲ್ಲ, ಬಸ್ಸಿನವರಿಗೆ ಕಾಣಲ್ಲ, ಆಟೋ ಹೊಗೆ ಪೂರ್ತಿ ಮಗು ಮುಖಕ್ಕೆ. ಸೈಕಲ್ಲಿಗೇ ಅಂತ ಬೇರೆ ದಾರಿ ಇರೋ ಊರಿಗೆ ಸರಿ, ನಮ್ಮ ಮೇನ್ ರೋಡಿಗೆ ನಾನಂತೂ ಬೇಡ ಅಂತೀನಿ.

ಎಲೆಕ್ಟ್ರಿಕ್ ಸೈಕಲ್ ಬಗ್ಗೆ, ಮೈಸೂರಲ್ಲಿ ಏರು ಇರೋ ಕಡೆ ಮಗು ತೂಕ ಸೇರಿದ್ರೆ ಏದುಸಿರು ಬರತ್ತೆ, ಮೋಟರ್ ಇದ್ರೆ ದೊಡ್ಡ ಸಹಾಯ. 250 ವ್ಯಾಟ್, 25 ಕಿಮೀ ವೇಗದ ಒಳಗಿದ್ರೆ ಲೈಸೆನ್ಸೂ ಬೇಡ ರಿಜಿಸ್ಟ್ರೇಷನ್ನೂ ಬೇಡ. ಕೆಲವು ಮಾಡೆಲ್ಲಲ್ಲಿ ಸೀಟ್ ಕೆಳಗಿನ ಪೈಪು ಗುಂಡಗಿರಲ್ಲ ಇಲ್ಲ ಬ್ಯಾಟರಿ ಅಲ್ಲೇ ಇರತ್ತೆ, ಬ್ರ್ಯಾಕೆಟ್ ಕೂರಲ್ಲ. ಹಾಗಾಗಿ ಯಾವ ಸೈಕಲ್ಲೇ ಆಗ್ಲಿ, ಸೀಟ್ ಆರ್ಡರ್ ಮಾಡೋ ಮುಂಚೆ ಆ ಪೈಪಿನ ದಪ್ಪ ಅಳೀರಿ, ಸಾಮಾನ್ಯವಾಗಿ 28ರಿಂದ 40 ಮಿಲಿಮೀಟರ್ ಗುಂಡು ಪೈಪಿಗೆ ಹಿಡಿಯತ್ತೆ, ಬ್ರೇಕ್ ಕೇಬಲ್ ಅದೇ ಜಾಗದಲ್ಲಿ ಹೋಗ್ತಿದ್ರೆ ಮೊದಲು ಪಕ್ಕಕ್ಕೆ ಕಟ್ಟಿಸ್ಕೊಳಿ.