ಪಾಲಿಕೆ ಸುದ್ದಿ ಕೊಡುವ ವಾಟ್ಸಾಪ್ ಚಾನೆಲ್: ವರ್ಷಗಟ್ಟಲೆ ಬಳಸಿದ ಮೇಲೆ ಐದಕ್ಕೆ ಮೂರೂವರೆ

ಪೇಪರಿನಲ್ಲಿ ಪಾಲಿಕೆ ಸಭೆಯ ಸುದ್ದಿ ಅಂದರೆ ಯಾರು ಯಾರ ಮೇಲೆ ಕೂಗಾಡಿದರು, ಯಾರು ಎದ್ದು ಹೊರಗೆ ಹೋದರು ಅನ್ನೋದೇ ಜಾಸ್ತಿ. ಕೊನೆಗೆ ಏನು ಪಾಸಾಯಿತು ಅನ್ನೋದು ಬಂದರೆ ಎರಡು ಸಾಲು ಬರುತ್ತೆ. ಆ ಎರಡು ಸಾಲನ್ನು ಬಿಡಿಸಿ ಹೇಳುವುದೇ ನಾನು ಬಳಸುತ್ತಿರುವ ಈ ಚಾನೆಲ್‌ನ ಕೆಲಸ. ತುಮಕೂರಿನ ನಮ್ಮ ಕಡೆಯವರೇ ನಾಲ್ಕೈದು ಮಂದಿ ಸೇರಿ ನಡೆಸುತ್ತಾರೆ. ಇಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ವಕೀಲರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಉಳಿದವರು ಕೈಜೋಡಿಸುವವರು. ಪ್ರಚಾರ ಬೇಡ ಅಂದಿದ್ದಾರೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ಸೇರೋಕೆ ದುಡ್ಡಿಲ್ಲ.

ಮೊದಲು ಇದು ಗ್ರೂಪ್ ಆಗಿತ್ತು. ಗುಡ್ ಮಾರ್ನಿಂಗ್ ಹೂವು, ಸೈಟ್ ಮಾರಾಟಕ್ಕಿದೆ ಅನ್ನೋ ಫಾರ್ವರ್ಡ್‌ಗಳ ಮಧ್ಯೆ ನಿರ್ಣಯ ಹುಡುಕಬೇಕಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ವಾಟ್ಸಾಪ್ ಚಾನೆಲ್ ಸೌಲಭ್ಯ ಬಂದ ಮೇಲೆ ಅಲ್ಲಿಗೆ ಹೋದರು. ನಮ್ಮ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣಲ್ಲ, ಗಲಾಟೆ ಇಲ್ಲ. ನಮ್ಮ ಮನೆಯವಳು ಗ್ರೂಪ್ ಬಿಟ್ಟಿದ್ದವಳು ಚಾನೆಲ್‌ಗೆ ಸೇರಿದಳು, ಅದೇ ಒಂದು ಸರ್ಟಿಫಿಕೇಟ್.

ಇವರ ದೊಡ್ಡ ಗುಣ ಅಂದರೆ ಸಭೆ ಮುಗಿದ ಮೇಲಲ್ಲ, ಸಭೆಗೆ ಮುಂಚೆ ಹೇಳುವುದು. ಸಭೆ ಇದೆ ಅಂತ ಸದಸ್ಯರಿಗೆ ತಿಳುವಳಿಕೆ ಪತ್ರ ಹೋಗುತ್ತೆ ಅಲ್ವಾ, ಅದರ ಜೊತೆಗಿನ ವಿಷಯಸೂಚಿಯನ್ನು ಯಾರಾದರೂ ಸದಸ್ಯರ ಹತ್ತಿರ ಇಸ್ಕೊಂಡು ಹಾಕುತ್ತಿದ್ದರು. ಯಾವ ವಿಷಯ ಯಾವ ವಾರ್ಡಿಗೆ ತಟ್ಟುತ್ತೆ ಅಂತ ಪಕ್ಕದಲ್ಲಿ ಬರೆಯುತ್ತಿದ್ದರು. 35 ವಾರ್ಡಿನ ಊರಿನಲ್ಲಿ ನಮಗೆ ಬೇಕಾದ್ದು ಒಂದೋ ಎರಡೋ ಇರುತ್ತೆ, ಅಷ್ಟು ಸಿಕ್ಕರೆ ಸಾಕು. ಘಟನೋತ್ತರ ಮಂಜೂರಾತಿ ಅಂತ ಇದ್ದರೆ, ಕೆಲಸ ಆಗಿಹೋಗಿದೆ, ಈಗ ಒಪ್ಪಿಗೆ ಕೇಳುತ್ತಿದ್ದಾರೆ ಅಂತ ಕೆಳಗೆ ಒಂದು ಸಾಲು. ಪಟ್ಟಿಯಲ್ಲೇ ಇಲ್ಲದೆ 'ಇತರೆ ವಿಷಯಗಳು' ಅಂತ ಕೊನೆಯಲ್ಲಿ ಬರುವುದನ್ನು ಬೇರೆಯಾಗಿ ಗುರುತು ಮಾಡಿ ಹಾಕುತ್ತಿದ್ದರು. ಸಭೆಗೆ ಹೋಗಿ ಕೂತವರಿಗೆ ಗೊತ್ತು, ಅಸಲಿ ವಿಷಯ ಎಷ್ಟೋ ಸಲ ಅಲ್ಲೇ ಇರುತ್ತೆ.

ಉಪಯೋಗ ಆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕ್ರಾಸಿನಲ್ಲಿ ಒಂದು ಖಾಸಗಿ ಕೇಬಲ್ ಕಂಪನಿಯವರು ರಸ್ತೆ ಅಗೆದರು. ಪೈಪ್ ಹಾಕಿ ಮಣ್ಣು ಎಳೆದು ಹೊರಡುವ ತಯಾರಿ. ಎದುರು ಮನೆಯ ಅಜ್ಜಿಯ ಗೇಟಿನ ಮುಂದೆ ಮೊಣಕಾಲುದ್ದ ಗುಂಡಿ, ಅದರ ಮೇಲೆ ಒಂದು ಹಲಗೆ. ನಾನು ಮೊಬೈಲಿನಲ್ಲಿ ಚಾನೆಲ್ ತೆಗೆದು ಅನುಮತಿಯ ಷರತ್ತು ತೋರಿಸಿದೆ. ಅಗೆದವರೇ ಮೊದಲಿದ್ದ ಹಾಗೆ ಸರಿ ಮಾಡಿಕೊಡಬೇಕು, ಇಲ್ಲದಿದ್ದರೆ ಕಟ್ಟಿದ ಠೇವಣಿ ಹೋಗುತ್ತೆ ಅಂತ ನಿರ್ಣಯದ ನಂಬರ್ ಸಮೇತ ಇತ್ತು. ಮೇಸ್ತ್ರಿ ಎರಡು ಸಲ ಓದಿದ, ಅದರ ಫೋಟೋ ಹೊಡೆದುಕೊಂಡ, ಯಾರಿಗೋ ಫೋನ್ ಮಾಡಿದ. ಮಾರನೇ ದಿನ ಜಲ್ಲಿ ಬಂತು. ಡಾಂಬರು ಬರೋಕೆ ಮಳೆಗಾಲ ಕಳೆಯಬೇಕಾಯಿತು, ಅದು ಬೇರೆ ಮಾತು. ನಂಬರ್ ಇಲ್ಲದೆ ಬಾಯಿಮಾತಿನಲ್ಲಿ ಹೇಳಿದ್ದರೆ 'ಆಫೀಸಿಗೆ ಹೋಗಿ ಕೇಳಿ ಸಾರ್' ಅಂದು ಗಾಡಿ ಹತ್ತುತ್ತಿದ್ದ.

ಇವರು ಹಾಕಿರುವ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿಯ ನಮೂನೆಯೂ ಒಳ್ಳೆಯದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಗೊತ್ತಿಲ್ಲದೆ ಊರ ಕಥೆಯೆಲ್ಲ ಬರೆದರೆ ವಾಪಸ್ ಬರುತ್ತೆ. ನಮೂನೆಯಲ್ಲಿ ಸಭೆಯ ತಾರೀಕು, ವಿಷಯ ಸಂಖ್ಯೆ ತುಂಬಿದರೆ ಆಯಿತು. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಅಸಲಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4ರಲ್ಲೇ, ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿ (ಸಭೆಯಲ್ಲಿ ಆದದ್ದರ ದಾಖಲೆ) ನೋಡಲು ಸಿಗುತ್ತದೆಯೇ ಅನ್ನುವುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅಂತ ಇದೆ. ಇದನ್ನು ಚಾನೆಲ್‌ನ ಮೇಲ್ಗಡೆಯೇ ಹಾಕಿದ್ದಾರೆ. ಆಸ್ತಿ ತೆರಿಗೆಯ 5% ರಿಯಾಯಿತಿ ಬಗ್ಗೆ ಪ್ರತಿ ಏಪ್ರಿಲ್‌ನಲ್ಲಿ ನೆನಪಿಸುತ್ತಾರೆ. ಬೆಂಗಳೂರಿನಲ್ಲಿದ್ದುಕೊಂಡು ಇಲ್ಲಿ ಸೈಟ್ ಇಟ್ಟಿರುವವರಿಗೆ ಅಷ್ಟೇ ಸಾಕು.

ಮೈನಸ್‌ಗಳೂ ಇವೆ, ಸ್ವಲ್ಪ ಜಾಸ್ತಿಯೇ. ಮಹಾನಗರ ಪಾಲಿಕೆ ಅಂದರೆ ಬರೀ ಸಾಮಾನ್ಯ ಸಭೆ ಅಲ್ಲ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿರುತ್ತವೆ. ಎಷ್ಟೋ ವಿಷಯ ಅಲ್ಲೇ ಹದಕ್ಕೆ ಬಂದು ಆಮೇಲೆ ಸಾಮಾನ್ಯ ಸಭೆಗೆ ಬರುತ್ತೆ. ಚಾನೆಲ್‌ನವರು ಸಮಿತಿಗಳ ಕಡೆ ತಲೆ ಹಾಕಿದ್ದು ಕಡಿಮೆ. ಸ್ಮಾರ್ಟ್ ಸಿಟಿ ವಿಷಯದಲ್ಲೂ ಹಂಗೇ. 2016ರಲ್ಲಿ ತುಮಕೂರು ಆಯ್ಕೆ ಆದ ಮೇಲೆ ಆ ಕೆಲಸಗಳಿಗೆ ಬೇರೆ ಕಂಪನಿ, ಅದಕ್ಕೆ ಅದರದೇ ಬೋರ್ಡ್. ಊರೆಲ್ಲ ಅಗೆಯುತ್ತಿದ್ದ ಕಾಲದಲ್ಲಿ ಕೌನ್ಸಿಲ್ ಸಭೆಯನ್ನಷ್ಟೇ, ಅಂದರೆ ಪಾಲಿಕೆ ಸದಸ್ಯರ ಸಭೆಯನ್ನಷ್ಟೇ, ನೋಡುತ್ತಿದ್ದವರಿಗೆ ಅರ್ಧ ಚಿತ್ರ ಮಾತ್ರ ಸಿಗುತ್ತಿತ್ತು.

ಸಣ್ಣಪುಟ್ಟ ಕಿರಿಕಿರಿ: ಓರೆಯಾಗಿ ತೆಗೆದ ಫೋಟೋಗಳು, ಮೇಷ್ಟ್ರ ಉದ್ದುದ್ದ ವಾಯ್ಸ್ ಮೆಸೇಜ್, ಸುದ್ದಿಯ ಮಧ್ಯೆ 'ಇದೇನು ಆಡಳಿತವೋ' ಅಂತ ಸ್ವಂತ ಟೀಕೆ. ಚಾನೆಲ್ ಆದ್ದರಿಂದ ತಿರುಗಿ ಪ್ರಶ್ನೆ ಕೇಳೋಕೆ ಆಗಲ್ಲ, ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಬೇಕು.

ನಾನು ಸ್ಟಾರ್ ಇಳಿಸಿದ್ದಕ್ಕೆ ಅಸಲಿ ಕಾರಣ 2024ರ ನಂತರದ್ದು. ಕೌನ್ಸಿಲ್‌ಗೆ ನಾವು ಮತ ಹಾಕಿದ್ದು 2018ರ ಆಗಸ್ಟ್ 31ರಂದು. ಐದು ವರ್ಷದ ಲೆಕ್ಕ ಶುರುವಾಗುವುದು ಮತದಾನದಿಂದಲ್ಲ, ಮೊದಲ ಸಭೆಯಿಂದ. ಆ ಲೆಕ್ಕದಲ್ಲಿ ಅವಧಿ ಮುಗಿದದ್ದು 2024ರ ಆರಂಭದಲ್ಲಿ. ಆಮೇಲೆ ಸದಸ್ಯರ ಬದಲಿಗೆ ಸರ್ಕಾರ ಕೂರಿಸಿದ ಆಡಳಿತಾಧಿಕಾರಿ. ಸದಸ್ಯರೇ ಇಲ್ಲ ಅಂದ ಮೇಲೆ ತಿಳುವಳಿಕೆ ಪತ್ರ ಯಾರ ಹತ್ತಿರ ಇಸ್ಕೊಳ್ಳೋದು? ತೀರ್ಮಾನಗಳು ನಿಲ್ಲಲಿಲ್ಲ, ಫೈಲಿನ ಮೇಲೆ ಆಗತೊಡಗಿದವು. ಬಜೆಟ್ ಆಗುತ್ತೆ, ಟೆಂಡರ್ ಆಗುತ್ತೆ, ಎದ್ದು ನಿಂತು ಯಾಕೆ ಅಂತ ಕೇಳುವವರಿಲ್ಲ. ಇಂಥ ಹೊತ್ತಿನಲ್ಲೇ ಚಾನೆಲ್ ಗಟ್ಟಿಯಾಗಬೇಕಿತ್ತು. ಅದು ಮಾಡಿದ್ದು ಪೇಪರ್ ಕಟಿಂಗ್ ಹಾಕುವುದು, ಕರೆಂಟ್ ಹೋಗುತ್ತೆ, ನೀರು ಬರಲ್ಲ ಅಂತ ತಿಳಿಸುವುದು. ಊರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಯಲ್ಲಿ ಎಷ್ಟು ನೀರಿದೆ ಅಂತ ತಿಳಿಯುವುದು ಒಳ್ಳೆಯದೇ. ಆದರೆ ಅದಕ್ಕೆ ಈ ಚಾನೆಲ್ಲೇ ಬೇಕಾಗಿಲ್ಲ. ಅದೇ ಆರ್‌ಟಿಐ ನಮೂನೆ ಹಿಡಿದು ಆಡಳಿತಾಧಿಕಾರಿಯ ನಡಾವಳಿಯನ್ನು ತಿಂಗಳಿಗೊಮ್ಮೆ ಕೇಳಬಹುದಿತ್ತು. ಈಚೆಗೆ ಒಂದಷ್ಟು ಶುರು ಮಾಡಿದ್ದಾರೆ, ಬರುವುದು ತಡ.

ಸೇರಬೇಕಾ ಅಂದರೆ ಸೇರಿ. ಸ್ವಂತ ಮನೆ, ಸೈಟ್, ಅಂಗಡಿ ಇರುವವರಂತೂ ಸೇರಿ. ಬಾಡಿಗೆಗೆ ಇರುವವರಿಗೆ ನೀರು, ಕಸ, ರಸ್ತೆಯ ಸುದ್ದಿ ಬಿಟ್ಟರೆ ಉಳಿದದ್ದು ಬೋರ್ ಹೊಡೆಸಬಹುದು. ನೋಟಿಫಿಕೇಶನ್ ಮ್ಯೂಟ್‌ನಲ್ಲಿಟ್ಟು ವಾರಕ್ಕೊಂದು ಸಲ ನೋಡಿದರೆ ಸಾಕು.

ಅಡ್ಮಿನ್‌ಗಳು ಇದನ್ನು ಓದುತ್ತಿದ್ದರೆ ಒಂದು ಮಾತು: ಫೋಟೋ ಹಾಕುವಾಗ ಕೆಳಗೆ ವಾರ್ಡ್ ನಂಬರ್, ತಾರೀಕು, ನಿರ್ಣಯದ ಸಂಖ್ಯೆ ಟೈಪ್ ಮಾಡಿ ಹಾಕಿ. ಆರು ತಿಂಗಳು ಬಿಟ್ಟು ಹುಡುಕಿದರೆ ಸಿಗಬೇಕು.